ಎಂಟು ಸಾವಿರದ ಚಿಲ್ಲರೆ ಸುತ್ತು

ಆ ಕುರ್ಚಿ ಬೇಡ ಅಮಾದೊ,
ಅದರ ಮೇಲೆ ಅಯಸ್ಕಾಂತಗಳಿವೆ,
ನಿನ್ನ ಬ್ಯಾಂಕಿನ ಕಾರ್ಡು ಸತ್ತೀತು.
ಈಚೆ ಕೂತುಕೋ. ಗಿಟಾರು ತೆಗಿ, ಚೀಟಿ ಒಳಗಿಡು.
ಚೀಟಿಯಲ್ಲಿರುವುದು ನನಗೆ ಬಾಯಿಪಾಠ:
ಗಂಟೆಯಂತೆ ತಿಳಿಯಿರಬೇಕು, ಗೂಳಿಯಂತೆ ಗುಟುರಬೇಕು,
ಗುಂಯ್ ಮಾತ್ರ ಅನ್ನಬಾರದು,
ನೂರೈವತ್ತು ಡಾಲರು ದಾಟಬಾರದು.

ಯಾವ ಪಿಕಪ್ಪು ಒಳ್ಳೆಯದು ಅಂತ ಕೇಳಬೇಡ.
ಯಾವ ಚಪ್ಪಲಿ ಒಳ್ಳೆಯದು ಅಂದರೆ ಏನು ಹೇಳಲಿ?
ಎಲ್ಲಿಗೆ ಹೊರಟಿದ್ದೀ, ಅದು ಹೇಳು.

ಶುಕ್ರವಾರ, ಹದಿನೈದು ತುಂಬಿದ ಹುಡುಗಿಯರ ಹಬ್ಬಕ್ಕೆ ಕುಂಬಿಯಾ.
ಶನಿವಾರ, ನಾರ್ಕೋದ ಬಾರಿನಲ್ಲಿ ಕುದುರೆ ಸಾಕುವವರಿಗೆ ಕಂಟ್ರಿ.
ಭಾನುವಾರ ಒಂಬತ್ತರ ಬಲಿಪೂಜೆಗೆ
ಪಾದ್ರಿಯ ಕೆಮ್ಮನ್ನು ಮೀರದ ದನಿ.
ಇನ್ನೆರಡು ಗಿಟಾರಿದ್ದವಲ್ಲ?
ಒಂದು ಹಲ್ಲಿನ ಡಾಕ್ಟರಿಗೆ ಹೋಯಿತು,
ಇನ್ನೊಂದು ವ್ಯಾನಿನ ಗೇರ್ ಬಾಕ್ಸಿಗೆ.
ಸರಿ. ಇದೊಂದೇ ಇನ್ನು ಮೂರು ಮನೆಯ ಊಟ ಉಣ್ಣಬೇಕು.

ಮೂವತ್ತೊಂದು ವರ್ಷ ಫುಲರ್ಟನ್ನಿನ ಕಾರ್ಖಾನೆಯಲ್ಲಿ
ಸಾಲಾಗಿ ಕೂತು ಸುತ್ತಿದವರು ನಾವು,
ರೆಫುಹಿಯೊ, ಕಾಂದೆಲಾರಿಯಾ, ಕೊನೆಯಲ್ಲಿ ಎಲೋದಿಯಾ, ನಾನು.
ಕೂದಲಿಗಿಂತ ಸಪೂರ ತಾಮ್ರದ ತಂತಿ
ಬೆರಳ ಸಂದಿಯಲ್ಲಿ ಹರಿಯುವುದು,
ಕಣ್ಣಿಗೆ ಕಾಣದು, ಚರ್ಮಕ್ಕೆ ಗೊತ್ತು.
ಎಲ್ಲ ಒಂದೇ ಅಳತೆ ಬರಲಿ ಎನ್ನುತ್ತಿದ್ದ ಮೇಸ್ತ್ರಿ.
ಸಂಬಳದ ದಿನ ನನ್ನ ಸುರುಳಿ ಬಿಗಿ;
ಗಂಡ ಮನೆಗೆ ಬಾರದ ವಾರ
ರೆಫುಹಿಯೊಳದ್ದು ಸಡಿಲ, ಅಡ್ಡಾದಿಡ್ಡಿ.
ಈಗ ಜನ ವಿಮಾನ ಹತ್ತಿ ಹುಡುಕಿ ಬರುವುದು
ಆ ಅಡ್ಡಾದಿಡ್ಡಿಯನ್ನೇ.
ಅವಳಿಗೆ ಗಂಟೆಗೆ ಎರಡು ಡಾಲರು ಹತ್ತು ಸೆಂಟು.

ನಮಗಾರಿಗೂ ಬಾರಿಸಲು ಬರುತ್ತಿರಲಿಲ್ಲ.
ನನಗೆ ಈಗಲೂ ಬಾರದು.
ಕಲ್ಲಂಗಡಿ ಕೊಳ್ಳುವವಳ ಹಾಗೆ
ಸ್ಕ್ರೂಡ್ರೈವರಿನಲ್ಲಿ ತಟ್ಟುತ್ತೇನೆ,
ಟಕ್ ಅನ್ನುವುದರಲ್ಲಿ ಒಳಗಿನದೆಲ್ಲ ತಿಳಿಯುತ್ತದೆ.

ಕೇಳು.
ಸುತ್ತು ಹೆಚ್ಚಿದರೆ ದನಿ ದಪ್ಪ, ಮೇಲಿನ ಮಿಂಚು ಮಾಯ.
ಕಡಿಮೆಯಾದರೆ ಮಿಂಚು ಉಂಟು, ಮೈ ಸಾಲದು.
ಎಲ್ಲ ಇರಲೆಂದು ತುಂಬುತ್ತ ಹೋದೆಯೋ,
ಎಲ್ಲ ಬಣ್ಣ ಮಸಿ ನುಂಗಿತು.
ಕತ್ತಿನ ಬಳಿ ಒಂಟಿ ಸುರುಳಿ, ಏಳು ಸಾವಿರದ ಆರುನೂರು,
ಸ್ವಲ್ಪ ಸೋತ ಅಯಸ್ಕಾಂತ, ಪಾದ್ರಿಗೆ ಅಷ್ಟು ಸಾಕು.
ನಡುವಿನದು ಉಲ್ಟಾ ಸುತ್ತಿದ್ದು:
ಕುಂಬಿಯಾಕ್ಕೆ ಎರಡನ್ನೂ ಕೂಡಿಸು,
ಒಂದರ ಗುಂಯ್ ಇನ್ನೊಂದು ತಿಂದುಬಿಡುತ್ತದೆ.
ಸೇತುವೆಯ ಬಳಿ ಜೋಡಿ, ಎಂಟು ಸಾವಿರದ ಚಿಲ್ಲರೆ.
ಗುಂಡಿ ಎಳೆದರೆ ಜೋಡಿಯಲ್ಲೊಂದು ಮಲಗುತ್ತದೆ, ಅದು ಕುದುರೆಯವರಿಗೆ;
ಹನ್ನೊಂದರ ಮೇಲೆ ಕುಡಿದವರು ರಾಕ್ ಕೂಗಿದರೆ
ಒತ್ತು, ಎದ್ದು ಕೂರುತ್ತದೆ.

ಕತ್ತಿನದೊಂದೇ ಇದ್ದಾಗ ಗುಂಯ್ ಅನ್ನುವುದೇ?
ಅನ್ನುತ್ತದೆ. ಒಂಟಿಯಲ್ಲವೇ.
ರಾತ್ರಿ ನನ್ನ ಮನೆಗೆ ಬಂದು ಕೇಳು, ನಾನೂ ಅನ್ನುತ್ತೇನೆ.

*

ಮೂರು ವಾರ ಬಿಟ್ಟು ಜಗಳಕ್ಕೇ ಬಂದ.
ಮೌನ ಪ್ರಾರ್ಥನೆಯ ಹೊತ್ತಿಗೆ ಗುಂಯ್ ಎಂದಿತಂತೆ.
ಮುದುಕಿಯೊಬ್ಬಳು ಎದ್ದು ಹೋಗಿ
ಅಡುಗೆಕೋಣೆಯ ಫ್ರಿಜ್ಜು ಆರಿಸಿ ಬಂದಳಂತೆ.
ಆಮೇಲೂ ನಿಲ್ಲಲಿಲ್ಲ.

ನಕ್ಕೆ. ಅವನು ನಗಲಿಲ್ಲ.
ಕೆಳಗೊಂದು ಮೂಕ ಸುರುಳಿ ಇಟ್ಟರೆ ನಿಲ್ಲುತ್ತದೆ, ಅಂದೆ,
ದನಿಯ ಉಸಿರೂ ಒಂಚೂರು ಹೋಗುತ್ತದೆ.
ಅಳೆದೂ ಸುರಿದೂ ಕೂತ.
ಹಿತ್ತಿಲಿನಾಚೆ ಗೂಡ್ಸ್ ರೈಲು, ತೊಂಬತ್ತು ಡಬ್ಬಿ,
ಪೂರ್ತಿ ದಾಟುವ ತನಕ ಕಾದು
ಮೂರನೇ ತಂತಿ ಮೀಟಿದ, ತಾನಾಗಿ ಆರಲು ಬಿಟ್ಟ.
“ಇರಲಿ. ಮೌನ ಬಂದಾಗ ವಾಲ್ಯೂಮ್ ಇಳಿಸುತ್ತೇನೆ.”

ಅದನ್ನು ಮೊದಲೇ ನಾನು ಹೇಳಬಹುದಿತ್ತು. ಹೇಳಿರಲಿಲ್ಲ.
ಇಪ್ಪತ್ತು ಡಾಲರು ಬಾಕಿ ಉಳಿಸಿಯೇ ಹೋದ.

ಹೊಲಿಗೆ ಯಂತ್ರದ ಮೋಟಾರಿಗೆ ಇನ್ನೊಂದು ಬಾಬಿನ್ ಏರಿಸಿದೆ.
ಎಣಿಕೆ ಮೂರು ಸಾವಿರದ ನೂರಾ ಹದಿನಾಲ್ಕಕ್ಕೆ
ತಂತಿ ಕಡಿಯಿತು.
ಸದ್ದೇ ಇಲ್ಲ.
ಬೆರಳ ಸಂದಿ ಹಗುರಾದದ್ದಷ್ಟೆ.